ರಿಪೇರಿಗಾರ ಲಿಯೋ ಫೆಂಡರ್

ಅಳವಂಡಿಯ ಹುಡುಗನೊಬ್ಬ ಮಹನೀಯರ ಜೀವನಚರಿತ್ರೆ ಬರೆಯಲು ಕುಳಿತನೆಂದರೆ, 1952ರಲ್ಲಿಯೇ ಲೋಕಸಭೆಗೆ ಆರಿಸಿಹೋಗಿ ನಮ್ಮೂರ ಹೆಸರನ್ನು ದಿಲ್ಲಿಗೆ ಮುಟ್ಟಿಸಿದ ಅಳವಂಡಿ ಶಿವಮೂರ್ತಿಸ್ವಾಮಿಗಳ ವಿಷಯವನ್ನೇ ಬರೆಯುತ್ತಾನೆಂದು ವಾಚಕರು ನಿರೀಕ್ಷಿಸುವುದು ಸಹಜ. ಅವರನ್ನು ಕುರಿತು ಅಧಿಕಾರವಾಣಿಯಿಂದ ಬರೆಯಬಲ್ಲ ಹಿರಿಯರು ನಮ್ಮ ಸೀಮೆಯಲ್ಲಿ ಇದ್ದಾರೆ. ನಾನು ಆರಿಸಿಕೊಂಡಿರುವ ವ್ಯಕ್ತಿ ನಮ್ಮ ದೇಶದವನಲ್ಲ. ರಾಜಕಾರಣಿಯಲ್ಲ, ಕವಿಯಲ್ಲ, ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ ವಿಜ್ಞಾನಿಯೂ ಅಲ್ಲ. ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬ ಅಂಗಡಿಕಾರ. ಜಗತ್ತಿನ ಗಿಟಾರುಗಾರರೆಲ್ಲ ಹೆಸರೆತ್ತಿದರೆ ಕೈಮುಗಿಯುವ ಈ ಮನುಷ್ಯನಿಗೆ ಗಿಟಾರು ಬಾರಿಸಲು ಬರುತ್ತಿರಲಿಲ್ಲ ಎಂಬುದು ಅವನ ಜೀವನದ ಮೊದಲನೆಯ ವಿಚಿತ್ರ.

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಹುಟ್ಟಿದುದು 1909ನೆಯ ಇಸವಿ ಆಗಸ್ಟ್ 10ರಂದು, ಅಮೇರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ಅನಹೈಮ್ ಮತ್ತು ಫುಲರ್ಟನ್ ಎಂಬ ಎರಡು ಊರುಗಳ ನಡುವೆ ಅವನ ತಂದೆತಾಯಿಗಳಿಗೆ ಕಿತ್ತಳೆಯ ತೋಟವಿತ್ತು. ನಮ್ಮ ಕುಷ್ಟಗಿ ಯಲಬುರ್ಗಾ ಕಡೆಯ ದಾಳಿಂಬೆ ತೋಟದವರನ್ನು ಕಂಡವರಿಗೆ ಆ ಮನೆತನದ ಬದುಕು ಹೇಗಿದ್ದಿರಬಹುದೆಂದು ಹೇಳಬೇಕಾಗಿಲ್ಲ. ಹುಡುಗನಿಗೆ ಎಂಟು ವರ್ಷವಾದಾಗ ಒಂದು ಕಣ್ಣಿನಲ್ಲಿ ಗಡ್ಡೆ ಬೆಳೆದು ಆ ಕಣ್ಣನ್ನು ತೆಗೆಯಬೇಕಾಯಿತು. ಅದರ ಜಾಗದಲ್ಲಿ ಗಾಜಿನ ಕಣ್ಣನ್ನು ಕೂಡಿಸಿದರು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವನನ್ನು ಸೈನ್ಯಕ್ಕೆ ಕರೆಯದೆ ಬಿಟ್ಟುದು ಈ ಕಾರಣದಿಂದಲೇ.

ಲಿಯೋನಿಗೆ ಹದಿಮೂರು ಹದಿನಾಲ್ಕರ ವಯಸ್ಸು. ಸಾಂತಾ ಮರಿಯಾ ಎಂಬ ಊರಲ್ಲಿ ಮೋಟಾರು ಗಾಡಿಗಳ ವಿದ್ಯುತ್ ಕೆಲಸದ ಅಂಗಡಿ ಇಟ್ಟಿದ್ದ ಅವನ ಬಂಧುವೊಬ್ಬನು, ಕೆಲಸಕ್ಕೆ ಬಾರದ ರೇಡಿಯೋ ಬಿಡಿಭಾಗಗಳನ್ನೂ ಒಂದು ಬ್ಯಾಟರಿಯನ್ನೂ ಪೆಟ್ಟಿಗೆಯಲ್ಲಿ ತುಂಬಿ ಹುಡುಗನಿಗೆ ಕಳಿಸಿದನು. ಮರುವರ್ಷ ಆ ಅಂಗಡಿಗೆ ಹೋದಾಗ ಲಿಯೋ ಕಂಡದ್ದು, ಬಂಧುವು ಸ್ವತಃ ಕೂಡಿಸಿದ ಒಂದು ರೇಡಿಯೋ. ಅದರ ಕಹಳೆಯಿಂದ ಹೊರಡುತ್ತಿದ್ದ ಗಟ್ಟಿ ಧ್ವನಿ ಬೀದಿಗೆಲ್ಲ ಕೇಳುತ್ತಿತ್ತು. ಅಂದು ಕಿವಿಗೆ ಬಿದ್ದ ಆ ಧ್ವನಿ ಅವನನ್ನು ಸಾಯುವವರೆಗೂ ಬಿಡಲಿಲ್ಲ. ಶಾಲೆಯಲ್ಲಿರುವಾಗಲೇ ಮನೆಯ ಮೂಲೆಯಲ್ಲಿ ಕುಳಿತು ನೆರೆಹೊರೆಯವರ ರೇಡಿಯೋಗಳನ್ನು ದುರಸ್ತಿ ಮಾಡಿಕೊಡಲಾರಂಭಿಸಿದನು.

ಆದರೆ ಅವನು ಕಾಲೇಜಿನಲ್ಲಿ ಓದಿದುದು ವಿದ್ಯುಚ್ಛಾಸ್ತ್ರವನ್ನಲ್ಲ, ಲೆಕ್ಕಪತ್ರ ಬರೆಯುವುದನ್ನು! ಕಲಾವಿಭಾಗದ ನನ್ನ ಸಹಪಾಠಿಗಳು ಈ ಮಾತನ್ನು ಸ್ವಲ್ಪ ಗಮನಿಸಬೇಕು. 1928ರಲ್ಲಿ ಹೈಸ್ಕೂಲು ಮುಗಿಸಿ, ಫುಲರ್ಟನ್ನಿನ ಜೂನಿಯರ್ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಓದಿ, ಒಂದು ಮಂಜುಗಡ್ಡೆಯ ಕಂಪನಿಯಲ್ಲಿ ಮೊದಲು ಮಾಲು ಮುಟ್ಟಿಸುವವನಾಗಿ, ಆಮೇಲೆ ಲೆಕ್ಕ ಬರೆಯುವವನಾಗಿ ದುಡಿದನು. ಆಗಲೇ ಒಬ್ಬ ಮೇಳದ ಮುಖಂಡನು ಕುಣಿತದ ಕೂಟಗಳಿಗೆ ಬೇಕೆಂದು ಅವನಿಂದ ಆರು ಧ್ವನಿವರ್ಧಕಗಳನ್ನು ಮಾಡಿಸಿಕೊಂಡನು. 1934ರಲ್ಲಿ ಎಸ್ತರ್ ಎಂಬವಳೊಡನೆ ಮದುವೆಯಾಯಿತು. ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗನ ನೌಕರಿ ಸಿಕ್ಕಿತು. ಅಮೇರಿಕವನ್ನು ಹಣ್ಣುಹಣ್ಣು ಮಾಡಿದ ಮಹಾ ಆರ್ಥಿಕ ಕುಸಿತದ ಕಾಲವದು. ಆ ನೌಕರಿ ಹೋಯಿತು. ಟಾಯರು ಮಾರುವ ಕಂಪನಿಯೊಂದಕ್ಕೆ ಸೇರಿದನು. ಆರು ತಿಂಗಳಲ್ಲಿ ಅದೂ ಹೋಯಿತು. 1938ರಲ್ಲಿ ಆರುನೂರು ಡಾಲರು ಸಾಲ ತೆಗೆದು ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿಯನ್ನು ತೆರೆದನು. ಟೆಲಿಫೋನ್ ಕಂಪನಿಯಲ್ಲಿ ದುಡಿಯುತ್ತಿದ್ದ ಹೆಂಡತಿಯ ಸಂಬಳ ಆ ದಿನಗಳಲ್ಲಿ ಮನೆಯನ್ನು ಎತ್ತಿಹಿಡಿಯಿತು. ಎಸ್ತರಳ ಹೆಸರು ಗಿಟಾರಿನ ಪುಸ್ತಕಗಳಲ್ಲಿ ಒಂದೆರಡು ಸಾಲಿನಲ್ಲಿ ಬಂದುಹೋಗುತ್ತದೆ. ಇನ್ನಷ್ಟು ಬರಬೇಕಾಗಿತ್ತೆಂದು ನನಗೆ ಅನ್ನಿಸುತ್ತದೆ.

ಇಂಥವನ ಚರಿತ್ರೆಗೆ ನಾನು ಗಂಟು ಬಿದ್ದುದು ಹೇಗೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಮುಂದೆ ನಾನು ಹೊಗಳಲಿರುವ ಗುಣ ಓದುಗರಿಗೆ ಅಷ್ಟು ದೊಡ್ಡದಾಗಿ ಕಾಣಲಾರದು.

ನನ್ನ ಗೆಳೆಯನೊಬ್ಬ ಜಾತ್ರೆ ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಾನೆ. ಅವನ ಧ್ವನಿವರ್ಧಕದ ಪೆಟ್ಟಿಗೆಯನ್ನು ಕೊಳ್ಳುವುದಕ್ಕಾಗಿ ಅವನ ಅವ್ವ ಇದ್ದ ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿದ್ದಳು. ಮೂರು ವರ್ಷ ನೆಟ್ಟಗೆ ನಡೆದ ಆ ಪೆಟ್ಟಿಗೆ ಕಳೆದ ಬೇಸಿಗೆಯಲ್ಲಿ ಗೊರಗುಟ್ಟಲು ಶುರುಮಾಡಿತು. ಒಳಗಿನ ಭಾಗಗಳು ಕಾಯದಂತೆ ಗಾಳಿ ಹೊಡೆಯುವ ಅಂಗೈಯಗಲದ ಫ್ಯಾನೊಂದು ಅದರ ಬೆನ್ನಿಗೆ ಇದೆ, ಗದ್ದಲ ಅದರದು. ಬಿರುಸಿನ ಹಾಡಿನಲ್ಲಿ ಗೊತ್ತಾಗುತ್ತಿರಲಿಲ್ಲ. ಮೆಲುದನಿಯ ಭಾವಗೀತೆ ಬಂದಾಗ ಮಾತ್ರ ಗಿರಣಿಯ ಪಕ್ಕದಲ್ಲಿ ಕುಳಿತು ಹಾಡಿದಂತೆ ಆಗುತ್ತಿತ್ತು. ಮೈಕು ಆ ಗೊರಗೊರವನ್ನೂ ಹಿಡಿದು ಊರಿಗೆಲ್ಲ ಹಂಚುತ್ತಿತ್ತು. ಒಂದು ರಾತ್ರಿ ಫ್ಯಾನು ನಿಂತೇ ಹೋಯಿತು. ಅರ್ಧ ತಾಸಿನೊಳಗೆ ಪೆಟ್ಟಿಗೆ ಕಾಯ್ದು ತಾನಾಗಿ ಬಾಯಿ ಮುಚ್ಚಿಕೊಂಡಿತು. ದೊಡ್ಡ ಊರಿನ ಒಂದು ದುರಸ್ತಿ ಅಂಗಡಿಗೆ ಒಯ್ದರೆ, ಫ್ಯಾನೊಂದನ್ನೇ ಬದಲಿಸಲು ಬರುವುದಿಲ್ಲ, ಒಳಗಿನ ಹಲಗೆಯನ್ನೇ ಇಡಿಯಾಗಿ ಹಾಕಬೇಕೆಂದು ಹೇಳಿ, ಹೊಸ ಪೆಟ್ಟಿಗೆಯ ಅರ್ಧದಷ್ಟು ಹಣ ಕೇಳಿದರು. ಅಷ್ಟು ಹಣಕ್ಕೆ ಉಳಿದ ಎಮ್ಮೆಯೂ ಹೋಗಬೇಕಾಗಿತ್ತು.

ನಮ್ಮೂರಲ್ಲಿ ಹಿಂದೆ ರೇಡಿಯೋ, ಆಮೇಲೆ ಟೇಪ್‌ರೆಕಾರ್ಡರು ರಿಪೇರಿ ಮಾಡುತ್ತಿದ್ದ ವಯಸ್ಸಾದವರೊಬ್ಬರು ಇದ್ದಾರೆ. ಎಲ್ಲರಿಗೂ ಅವರು ಕಾಕಾ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಕೈ ಮರೆತಿರಲಿಲ್ಲ. ವೈರು ಕಿತ್ತು ಮಾರನೆಯ ದಿನದವರೆಗೆ ಪೆಟ್ಟಿಗೆಯನ್ನು ಹಾಗೆಯೇ ಬಿಡಲು ಹೇಳಿದರು. ಕರೆಂಟು ತೆಗೆದ ಮೇಲೂ ಒಳಗಿನ ದೊಡ್ಡ ಕಂಡೆನ್ಸರುಗಳಲ್ಲಿ ವಿದ್ಯುತ್ತು ನಿಂತಿರುತ್ತದೆ, ಅದು ಮನುಷ್ಯನನ್ನು ಕೆಡವಬಲ್ಲದು ಎಂದು ಎಚ್ಚರಿಸಿ, ಮರುದಿನ ಮೀಟರು ಹಿಡಿದು ನೋಡಿ, ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕಿದರು. ಫ್ಯಾನಿನ ರೆಕ್ಕೆಗಳಿಗೆ ನಮ್ಮ ಎರೆಸೀಮೆಯ ಹತ್ತಿಯ ಎಳೆ, ಜೋಳದ ಹೊಟ್ಟು, ಧೂಳು ಎಲ್ಲ ಕೂಡಿ ಕಂಬಳಿಯಂತೆ ಮೆತ್ತಿಕೊಂಡಿತ್ತು. ಅದನ್ನು ಕುಂಚದಿಂದ ಝಾಡಿಸಿದರೂ ರೆಕ್ಕೆ ಬೆರಳಿನಿಂದ ತಿರುಗಿಸಿದರೆ ಬಿಗಿಯಾಗಿತ್ತು. ಅಚ್ಚಿನ ಎಣ್ಣೆ ಒಣಗಿ ಬೇರಿಂಗು ಸವೆದಿತ್ತು. ಎಣ್ಣೆ ಬಿಟ್ಟರೆ ನಾಲ್ಕು ದಿನ ನಡೆದೀತು, ಐದನೆಯ ದಿನ ಮತ್ತೆ ಅದೇ ರಾಗ ಎಂದು ಕಾಕಾ ತೀರ್ಪು ಕೊಟ್ಟರು.

ಫ್ಯಾನಿನ ಚೀಟಿಯ ಮೇಲೆ 12 ವೋಲ್ಟ್ ಎಂದು ಬರೆದಿತ್ತು. ಅಳತೆ 80 ಮಿಲಿಮೀಟರು ಚಚ್ಚೌಕ, ದಪ್ಪ 25. ಇದು ಕಂಪ್ಯೂಟರುಗಳಲ್ಲಿ ಹಾಕುವ ಫ್ಯಾನೇ! ಕೊಪ್ಪಳದ ಕಂಪ್ಯೂಟರು ಅಂಗಡಿಯಲ್ಲಿ ಅದೇ ಅಳತೆಯ, ಅದೇ ವೋಲ್ಟಿನ, ಹಳೆಯದಕ್ಕಿಂತ ಹೆಚ್ಚು ಕರೆಂಟು ಎಳೆಯದ, ಗುಂಡಿನ ಬೇರಿಂಗಿನ ಫ್ಯಾನು ಸಿಕ್ಕಿತು. ಬೆಲೆ ನಮ್ಮ ಮೂವರ ಒಂದು ಹೊತ್ತಿನ ಊಟಕ್ಕಿಂತ ಹೆಚ್ಚಾಗಲಿಲ್ಲ. ಹಳೆಯದು ಗಾಳಿಯನ್ನು ಯಾವ ಕಡೆಗೆ ದೂಡುತ್ತಿತ್ತೆಂದು ಚೌಕಟ್ಟಿನ ಮೇಲಿನ ಬಾಣದ ಗುರುತು ನೋಡಿಕೊಂಡು, ಹೊಸದನ್ನೂ ಅದೇ ಮುಖವಾಗಿ ಕೂಡಿಸಿ, ತಗಡಿಗೂ ಫ್ಯಾನಿಗೂ ನಡುವೆ ಸೈಕಲ್ ಟ್ಯೂಬಿನ ತುಂಡುಗಳನ್ನು ಇಟ್ಟು ಸ್ಕ್ರೂ ಬಿಗಿದೆವು. ನಡುಕ ತಗಡಿಗೆ ದಾಟಬಾರದೆಂದು ರಬ್ಬರು. ಆದರೆ ಈ ಸಣ್ಣ ಕೆಲಸಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಫ್ಯಾನನ್ನು ಮುಟ್ಟಬೇಕಾದರೆ ಮೂರು ಹಲಗೆಗಳನ್ನು ಕೀಳಬೇಕು. ಅದರ ವೈರಿನ ತುದಿಗೆ ಅಂಟು ಸುರಿದು ಗಟ್ಟಿಮಾಡಿದ್ದರು. ಯಾವ ಭಾಗ ಯಾವುದೆಂದು ತಿಳಿಸುವ ಒಂದು ಚೀಟಿಯೂ ಒಳಗಿರಲಿಲ್ಲ. ಕಾಕಾ ಅಂಟನ್ನು ಕೆರೆಯುತ್ತ, ಇದನ್ನು ಮಾಡಿದವನು ಇನ್ನೊಬ್ಬ ಇದನ್ನು ಬಿಚ್ಚಬಾರದೆಂದೇ ಮಾಡಿದ್ದಾನೆ ಎಂದು ಗೊಣಗಿದರು.

ಎಲ್ಲ ಧ್ವನಿವರ್ಧಕಗಳೂ ಹೀಗೆಯೇ ಇರುತ್ತವೆಯೆ, ಎಲ್ಲಕ್ಕೂ ಫ್ಯಾನು ಬೇಕೆ ಎಂದು ಹುಡುಕಹೊರಟಾಗ ನನಗೆ ಸಿಕ್ಕ ಹೆಸರು ಲಿಯೋ ಫೆಂಡರ್. ಅವನು 1946ರಿಂದ 1965ರವರೆಗೆ ತನ್ನ ಕಾರ್ಖಾನೆಯಲ್ಲಿ ಮಾಡಿದ ಪೆಟ್ಟಿಗೆಗಳು ಕಾಕಾ ಗೊಣಗಿದುದಕ್ಕೆ ತೀರ ವಿರುದ್ಧವಾದ ರೀತಿಯಲ್ಲಿ ಹುಟ್ಟಿದಂಥವು.

ಅವನ ರಿಪೇರಿ ಅಂಗಡಿಗೆ ರೇಡಿಯೋಗಳ ಜೊತೆಗೆ ಸಂಗೀತಗಾರರ ಕೆಟ್ಟ ಧ್ವನಿವರ್ಧಕಗಳೂ ಬರುತ್ತಿದ್ದವು. ಗಿಟಾರಿನ ಧ್ವನಿ ಮೆತ್ತನೆಯದು. ಡೋಲು ಕಹಳೆಗಳ ನಡುವೆ ಕೇಳುವುದಿಲ್ಲ. ಆದ್ದರಿಂದ ತಂತಿಯ ಕೆಳಗೆ ಅಯಸ್ಕಾಂತವನ್ನೂ ಅದಕ್ಕೆ ಸುತ್ತಿದ ತಾಮ್ರದ ಎಳೆಯನ್ನೂ ಇಟ್ಟು, ತಂತಿಯ ಮಿಡಿತದಿಂದ ಹುಟ್ಟುವ ನವಿರಾದ ವಿದ್ಯುತ್ತನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುವ ವಿಧಾನ ಅಷ್ಟರಲ್ಲಿ ಬಂದಿತ್ತು. ತೊಡೆಯ ಮೇಲಿಟ್ಟು ಬಾರಿಸುವ ಹವಾಯಿ ಗಿಟಾರು ಆಗ ಬಹಳ ಜನಪ್ರಿಯ. ಡಾಕ್ ಕಾಫ್‌ಮನ್ ಎಂಬ ವಾದ್ಯಗಾರನೊಡನೆ ಕೂಡಿ ಫೆಂಡರನು ಯುದ್ಧದ ಕೊನೆಯ ವರ್ಷಗಳಲ್ಲಿ ಅಂಥ ಗಿಟಾರುಗಳನ್ನೂ ಅವುಗಳ ಧ್ವನಿಪೆಟ್ಟಿಗೆಗಳನ್ನೂ ಮಾಡಿದನು. 1946ರಲ್ಲಿ ಕಾಫ್‌ಮನ್ ಹಿಂದೆ ಸರಿದನು. ಫೆಂಡರ್ ತನ್ನದೇ ಹೆಸರಿನ ಕಂಪನಿಯನ್ನು ಕಟ್ಟಿದನು.

ರಿಪೇರಿಗಾರನ ಕಣ್ಣು ಬೇರೆ, ತಯಾರಕನ ಕಣ್ಣು ಬೇರೆ. ತಯಾರಕನು ವಸ್ತುವು ಹೊಸದಾಗಿರುವಾಗ ಹೇಗೆ ಕಾಣುತ್ತದೆಂದು ನೋಡುತ್ತಾನೆ; ರಿಪೇರಿಗಾರನು ಅದು ಎಲ್ಲಿ ಸಾಯುತ್ತದೆಂದು ನೋಡಿರುತ್ತಾನೆ. ಎಷ್ಟೋ ಧ್ವನಿವರ್ಧಕಗಳ ಹೆಣಗಳನ್ನು ಬಿಚ್ಚಿ ನೋಡಿದ್ದ ಫೆಂಡರನು ತನ್ನ ಪೆಟ್ಟಿಗೆಗಳನ್ನು ಕಟ್ಟಿದುದು ಆ ಅನುಭವದ ಮೇಲೆ. ಒಳಗಿನ ಭಾಗಗಳನ್ನೆಲ್ಲ ಒಂದು ಹಲಗೆಯ ಮೇಲೆ ಸಾಲಾಗಿ, ಒಂದರ ಪಕ್ಕದಲ್ಲೊಂದು, ಕೈಯಿಂದ ಬೆಸೆದು ಇಟ್ಟನು. ಒಂದು ಕೆಟ್ಟರೆ ಅದೊಂದನ್ನೇ ಬಿಸಿ ಮಾಡಿ ಎತ್ತಿ, ಬೇರೆಯದನ್ನು ಕೂಡಿಸಬಹುದು. ಯಾವ ವಾಲ್ವು ಯಾವ ಗುಣಿಯಲ್ಲಿ ಕೂಡಬೇಕೆಂಬ ಚೀಟಿಯನ್ನು ಪೆಟ್ಟಿಗೆಯ ಒಳಮೈಗೆ ಅಂಟಿಸಿ ಕಳಿಸಿದನು. ಹಿಂದಿನ ಹಲಗೆಯ ಕೆಲವು ಸ್ಕ್ರೂ ಬಿಚ್ಚಿದರೆ ಸಾಕು, ಒಳಗಿನದೆಲ್ಲ ಬೆಳಕಿಗೆ ಬರುತ್ತದೆ. ಹಳ್ಳಿಯ ರೇಡಿಯೋ ಅಂಗಡಿಯವನೂ ಬೆಸುಗೆಯ ಕಡ್ಡಿ ಹಿಡಿದು ಇದನ್ನು ಸರಿಮಾಡಬೇಕು. ಎಂದೋ ಎಲ್ಲಿಯೋ ತನ್ನ ಕೆಲಸವನ್ನು ಬಿಚ್ಚಲಿರುವ ಅಪರಿಚಿತನನ್ನು ಅವನು ಮರೆಯಲಿಲ್ಲ. ಎಪ್ಪತ್ತು ವರ್ಷಗಳ ಹಿಂದಿನ ಅವನ ಪೆಟ್ಟಿಗೆಗಳು ಇಂದಿಗೂ ಹಾಡುತ್ತಿರುವುದಕ್ಕೆ ಇದೇ ಕಾರಣ.

ಅವುಗಳಿಗೆ ಫ್ಯಾನು ಇರಲಿಲ್ಲವೇಕೆ? ಅವು ವಾಲ್ವಿನ ಕಾಲದವು. ವಾಲ್ವು ಕಾಯ್ದರೇ ಕೆಲಸ ಮಾಡುವ ವಸ್ತು. ಕೈಸುಡುವ ಬಿಸಿಯಲ್ಲಿಯೂ ಅದರ ಗಾಜು ತಾಳುತ್ತದೆ. ಪೆಟ್ಟಿಗೆಯ ಬೆನ್ನು ತೆರೆದಿಟ್ಟರೆ ಬಿಸಿಗಾಳಿ ತಾನಾಗಿ ಮೇಲೇರಿ ಹೋಗುತ್ತದೆ. ಟ್ರಾನ್ಸಿಸ್ಟರು ಹಾಗಲ್ಲ. ಸಿಲಿಕಾನಿನ ಆ ಚೂರು ಒಳಗೆ ಸುಮಾರು 150 ಡಿಗ್ರಿ ಮುಟ್ಟಿತೆಂದರೆ ಅದರ ಆಯುಷ್ಯ ತೀರಿದಂತೆ. ಆದ್ದರಿಂದ ಅದಕ್ಕೆ ಅಲ್ಯುಮಿನಿಯಮ್ಮಿನ ಪಕ್ಕೆಲುಬುಗಳು ಬೇಕು, ಹೆಚ್ಚು ಶಕ್ತಿಯ ಪೆಟ್ಟಿಗೆಯನ್ನು ಚಿಕ್ಕದಾಗಿ ಮಾಡಬೇಕಾದರೆ ಫ್ಯಾನೂ ಬೇಕು. ನಲವತ್ತು ಡಿಗ್ರಿ ದಾಟುವ ನಮ್ಮ ಕೊಪ್ಪಳದ ವೈಶಾಖದಲ್ಲಿ, ಗದ್ದಲ ತಾಳಲಾರದೆ ಫ್ಯಾನಿನ ವೈರನ್ನೇ ಕತ್ತರಿಸುವವರು ಇದನ್ನು ನೆನಪಿಡಬೇಕು. ವಾಲ್ವಿನ ಪೆಟ್ಟಿಗೆಗಳೇ ಶ್ರೇಷ್ಠವೆಂದು ನಾನು ವಾದಿಸುತ್ತಿಲ್ಲ. ಅವು ಭಾರ, ಕರೆಂಟು ತಿನ್ನುತ್ತವೆ, ವಾಲ್ವು ಸವೆಯುತ್ತದೆ, ಹೊಸದು ದುಬಾರಿ. ಒಳಗೆ ನಾನೂರು ವೋಲ್ಟು ಓಡಾಡುತ್ತಿರುತ್ತದೆ. ಗೆಳೆಯನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುವುದು ಟ್ರಾನ್ಸಿಸ್ಟರಿನ ಪೆಟ್ಟಿಗೆಯನ್ನೇ. ಅಂಟು ಸುರಿಯದೆ, ಚೀಟಿ ಅಂಟಿಸಿ ಟ್ರಾನ್ಸಿಸ್ಟರಿನ ಪೆಟ್ಟಿಗೆಯನ್ನೂ ಮಾಡಲು ಬರುತ್ತದಲ್ಲ ಎಂಬುದಷ್ಟೇ ನನ್ನ ತಕರಾರು.

ಗಿಟಾರಿನ ವಿಷಯದಲ್ಲಿಯೂ ಫೆಂಡರನದು ಇದೇ ಧೋರಣೆ. ನಮ್ಮ ಮೀರಜಿನ ಕುಶಲಕರ್ಮಿಗಳು ಸಿತಾರಿನ ದಂಡಿಯನ್ನು ಕುಂಬಳದ ಬುರುಡೆಗೆ ಅಂಟಿನಿಂದ ಬೆಸೆಯುವಂತೆ, ಪಾಶ್ಚಾತ್ಯರೂ ಗಿಟಾರಿನ ಕುತ್ತಿಗೆಯನ್ನು ಒಡಲಿಗೆ ಅಂಟಿಸುತ್ತಿದ್ದರು. ಫೆಂಡರನು ಗಟ್ಟಿ ಮರದ ಹಲಗೆಯನ್ನೇ ಒಡಲು ಮಾಡಿ, ಕುತ್ತಿಗೆಯನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದನು. ಕುತ್ತಿಗೆ ಸೊಟ್ಟಗಾಯಿತೆ? ಬಿಚ್ಚಿ ಬೇರೆಯದನ್ನು ಹಾಕಿರಿ. ವಾದ್ಯಶಿಲ್ಪದ ಪಂಡಿತರಿಗೆ ಇದು ಬಡಗಿಯ ಕೆಲಸವಾಗಿ ಕಂಡಿತು. ಹಾಸ್ಯ ಮಾಡಿದವರೂ ಇದ್ದರು. 1950ರಲ್ಲಿ ಹೊರಬಂದ ಈ ಗಿಟಾರಿಗೆ ಮೊದಲು ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟಿದ್ದರು. ಬೇರೊಂದು ಕಂಪನಿಯವರು ಆ ಹೆಸರು ತಮ್ಮ ಡೋಲಿನದೆಂದು ತಕರಾರು ತೆಗೆದುದರಿಂದ 1951ರಲ್ಲಿ ಅದು ಟೆಲಿಕಾಸ್ಟರ್ ಆಯಿತು. ಅದೇ ವರ್ಷ ವಿದ್ಯುತ್ತಿನ ಬಾಸ್ ಗಿಟಾರು ಬಂದಿತು. ಆಳೆತ್ತರದ ಪಿಟೀಲನ್ನು ಗಾಡಿಯ ಮೇಲೆ ಕಟ್ಟಿಕೊಂಡು ಹೋಗುತ್ತಿದ್ದ ಬಾಸ್ ವಾದಕರ ಹೆಗಲು ಹಗುರವಾಯಿತು. 1954ರಲ್ಲಿ ಸ್ಟ್ರಾಟೋಕಾಸ್ಟರ್. ಬಾರಿಸುವವನ ಪಕ್ಕೆಗೆ ಒತ್ತದಂತೆ ಅದರ ಅಂಚನ್ನು ಕೆತ್ತಿದುದು ವಾದಕರ ದೂರಿನ ಮೇರೆಗೆ. ತನಗೆ ಬಾರಿಸಲು ಬಾರದು, ಶ್ರುತಿ ಮಾಡಲೂ ಬಾರದು ಎಂಬುದು ಅವನಿಗೆ ಗೊತ್ತಿದ್ದುದರಿಂದಲೇ ಬಾರಿಸುವವರ ಮಾತನ್ನು ಕಿವಿಗೊಟ್ಟು ಕೇಳಿದನು. ಸಂಗೀತ ಕೂಟಗಳಿಗೆ ಹೋಗಿ, ಹಾಡು ನಡೆದಿರುವಾಗಲೇ ವೇದಿಕೆಯ ಮೇಲೆ ಹತ್ತಿ ಧ್ವನಿಪೆಟ್ಟಿಗೆಯ ಹಿಂದೆ ಕುಳಿತುಬಿಡುತ್ತಿದ್ದನಂತೆ. ನಮ್ಮ ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರರ ಕಾಲ ಬಳಿ ಒಬ್ಬ ರಿಪೇರಿಗಾರ ಕುಳಿತಿದ್ದರೆ ಹೇಗಿರುತ್ತಿತ್ತೋ!

ಇದರಲ್ಲಿ ಡಿಕ್ ಡೇಲ್ ಎಂಬ ಎಡಗೈ ಗಿಟಾರುಗಾರನ ಪ್ರಸಂಗ ಸ್ವಾರಸ್ಯವಾಗಿದೆ. ಕಡಲತೀರದ ದೊಡ್ಡ ಕುಣಿತದ ಮನೆಯೊಂದರಲ್ಲಿ ಸಾವಿರಾರು ಹುಡುಗರ ಮುಂದೆ ಇವನು ಬಾರಿಸುವ ರಭಸಕ್ಕೆ ಫೆಂಡರನ ಪೆಟ್ಟಿಗೆಗಳು ಒಂದಾದ ಮೇಲೊಂದು ಸುಟ್ಟುಹೋದವು, ಸ್ಪೀಕರುಗಳು ಹರಿದವು. ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿದರೆ ಎಲ್ಲವೂ ಸರಿ! ಕೊನೆಗೆ ಫೆಂಡರನು, ಹವಾಯಿ ದ್ವೀಪದಿಂದ ಬಂದು ತನ್ನಲ್ಲಿ ಕೆಲಸಕ್ಕಿದ್ದ ಫ್ರೆಡ್ಡಿ ಟವಾರೆಸನನ್ನು ಕರೆದುಕೊಂಡು ಹೋಗಿ ಆ ಜನಸಂದಣಿಯ ನಟ್ಟನಡುವೆ ನಿಂತು ಕೇಳಿದನೆಂದು ಡೇಲ್ ಮುಂದೆ ಹೇಳಿಕೊಳ್ಳುತ್ತಿದ್ದನು. ಅಷ್ಟು ಮೈಗಳು ಧ್ವನಿಯನ್ನು ಹೀರಿಕೊಳ್ಳುತ್ತವೆಂಬುದು ಕಾರ್ಖಾನೆಯ ಕೋಣೆಯಲ್ಲಿ ತಿಳಿಯುವ ಸಂಗತಿಯಲ್ಲ. ಹೆಚ್ಚು ಶಕ್ತಿಯ ಟ್ರಾನ್ಸ್‌ಫಾರ್ಮರು, ಹದಿನೈದು ಅಂಗುಲದ ಗಟ್ಟಿ ಸ್ಪೀಕರು ಕೂಡಿಸಿ, ಶೋಮನ್ ಎಂಬ ಪೆಟ್ಟಿಗೆಯನ್ನು 1960ರ ಹೊತ್ತಿಗೆ ಮಾಡಿದನು. ಇತ್ತ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಎಂಬ ಡೋಲಿನ ಅಂಗಡಿಯವನು 1962ರಲ್ಲಿ ಫೆಂಡರನ ಬಾಸ್‌ಮನ್ ಪೆಟ್ಟಿಗೆಯನ್ನು ಮಾದರಿಯಾಗಿಟ್ಟುಕೊಂಡು ತನ್ನ ಮೊದಲ ಧ್ವನಿವರ್ಧಕವನ್ನು ಮಾಡಿದನು. ಬಿಚ್ಚಲು ಬರುವ ವಸ್ತುವನ್ನು ನಕಲು ಮಾಡಲೂ ಬರುತ್ತದೆ. ಇದು ಫೆಂಡರ್ ತೆತ್ತ ಬೆಲೆ ಎನ್ನಬೇಕೋ, ಪಡೆದ ಗೌರವ ಎನ್ನಬೇಕೋ ಓದುಗರೇ ನಿರ್ಣಯಿಸಲಿ.

ಅಷ್ಟರಲ್ಲಿ ಅವನ ದೇಹಸ್ಥಿತಿ ಕೆಟ್ಟಿತ್ತು. ಐವತ್ತರ ದಶಕದಲ್ಲಿ ಮೂಗಿನೊಳಗೆ ಹತ್ತಿದ ಸೋಂಕು ವರ್ಷಾನುಗಟ್ಟಲೆ ಬಿಡಲಿಲ್ಲ. ತಾನು ಹೆಚ್ಚು ದಿನ ಬದುಕುವವನಲ್ಲವೆಂದು ಬಗೆದು, 1965ರ ಜನವರಿಯಲ್ಲಿ ಇಡೀ ಕಂಪನಿಯನ್ನು ಸಿ.ಬಿ.ಎಸ್. ಎಂಬ ರೇಡಿಯೋ ದೂರದರ್ಶನ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದನು. ಆರುನೂರು ಡಾಲರಿನ ಸಾಲದಿಂದ ಶುರುವಾದ ಅಂಗಡಿಯ ಬೆಲೆಯಿದು. ಮಾರಿದ ಮೇಲೆ ವೈದ್ಯರನ್ನು ಬದಲಿಸಿದನು, ರೋಗ ವಾಸಿಯಾಯಿತು! ವಿಧಿಯ ಈ ಚೇಷ್ಟೆಗೆ ಏನೆನ್ನಬೇಕು? ಹೊಸ ಮಾಲಿಕರು 1966ರಲ್ಲಿ ಟ್ರಾನ್ಸಿಸ್ಟರಿನ ಧ್ವನಿವರ್ಧಕಗಳನ್ನು ಹೊರತಂದರು. ಅವು ಮೇಲಿಂದ ಮೇಲೆ ಕೆಟ್ಟು ಹೆಸರು ಕೆಡಿಸಿಕೊಂಡು ಕೆಲವೇ ವರ್ಷಗಳಲ್ಲಿ ನಿಂತುಹೋದವು. ಫೆಂಡರನ ಹೆಸರು ಪೆಟ್ಟಿಗೆಯ ಮೇಲೆ ಇತ್ತು; ಫೆಂಡರನು ಒಳಗಿರಲಿಲ್ಲ.

ಹತ್ತು ವರ್ಷ ಅದೇ ವ್ಯಾಪಾರ ಮಾಡಕೂಡದೆಂಬ ಕರಾರು ಮುಗಿದ ಮೇಲೆ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷನಾಗಿ ಅವನು ಮತ್ತೆ ಬಹಿರಂಗಕ್ಕೆ ಬಂದನು. 1979ರಲ್ಲಿ ಎಸ್ತರ್ ತೀರಿಕೊಂಡಳು. ಅದೇ ಸುಮಾರಿಗೆ, ಹಿಂದೆ 1948ರಲ್ಲಿಯೇ ತನ್ನಲ್ಲಿ ಸೇರಿದ್ದ ಜಾರ್ಜ್ ಫುಲರ್ಟನ್ನನೊಡನೆ ಜಿ ಆಂಡ್ ಎಲ್ ಎಂಬ ಇನ್ನೊಂದು ಕಾರ್ಖಾನೆಯನ್ನು ಕಟ್ಟಿದನು. ಮರುವರ್ಷ ಫಿಲಿಸ್ ಎಂಬವಳನ್ನು ಮದುವೆಯಾದನು. ಕೋಟ್ಯಧೀಶನಾದರೂ ಉಡುಗೆ ತೊಡುಗೆಯಲ್ಲಿ ಅದೇ ರಿಪೇರಿಗಾರ. ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರು. ವೃದ್ಧಾಪ್ಯದಲ್ಲಿ ಪಾರ್ಕಿನ್ಸನ್ ರೋಗ ಹಿಡಿದು ಕೈ ನಡುಗುತ್ತಿತ್ತು. ಬೆಸುಗೆಯವನಿಗೆ ಕೈ ನಡುಗುವುದೆಂದರೆ ಹಾಡುವವನಿಗೆ ಗಂಟಲು ಕಟ್ಟಿದಂತೆ. ಆದರೂ ದಿನವೂ ಕಾರ್ಖಾನೆಗೆ ಬರುವುದನ್ನು ಬಿಡಲಿಲ್ಲ. 1991ರ ಮಾರ್ಚ್ 20ರಂದೂ ಬಂದು ತನ್ನ ಮೇಜಿನ ಮುಂದೆ ಕುಳಿತು ಕೆಲಸ ಮಾಡಿ ಹೋದನು. ಮರುದಿನ ತೀರಿಕೊಂಡನು. ಅವನ ಕೋಣೆಯನ್ನು ಜೊತೆಗಾರರು ಅವನು ಬಿಟ್ಟುಹೋದಂತೆಯೇ ಇರಿಸಿದರು.